ಚಂದಮ್ಮ ಆರಿಸಿ ಕಳಿಸಿದ ಮೀನು

ನಮ್ಮ ಮನೆಯಲ್ಲಿ ಮೀನಿನ ಮಾತು ಬರುತ್ತಿದ್ದುದು ದಶಾವತಾರ ಹೇಳುವಾಗ ಮಾತ್ರ. ಧಾರವಾಡ ಬಿಟ್ಟು ಪುಣೆಗೆ ಬಂದು ಎರಡು ತಲೆಮಾರಾದರೂ ಚಾತುರ್ಮಾಸದಲ್ಲಿ ಉಳ್ಳಾಗಡ್ಡಿಯನ್ನು ಹೊಸ್ತಿಲು ದಾಟಿಸದ ಮನೆ ನಮ್ಮದು. ಅಂಥ ಮನೆಯ ಬಾಲ್ಕನಿಯಲ್ಲಿ ಒಂದು ರವಿವಾರ ಬೆಳಿಗ್ಗೆ, ನನ್ನ ತುಳಸಿ ಕುಂಡದ ಪಕ್ಕದಲ್ಲೇ, ಥರ್ಮಾಕೋಲಿನ ದೊಡ್ಡ ಡಬ್ಬಿಯೊಂದು ಕೂತಿತ್ತು. ಮುಚ್ಚಳಕ್ಕೆ ಸುತ್ತಲೂ ಟೇಪು, ಒಳಗೆ ಬರ್ಫ, ಬರ್ಫದೊಳಗೆ ಮೀನು. ತಂದಿಟ್ಟವಳು ನನ್ನ ನೆಗೆಣ್ಣಿ ಶಾಮಲಾ.

"ಏನಿದು?" ಅಂದೆ.

"ಸ್ಯಾಂಪಲ್ ಅದ ವೈನಿ. ಇವತ್ತ ಲ್ಯಾಬ್ ಬಂದ್ ಅದರಿ. ನಾಳೆ ಮುಂಜಾನೆ ಒಯ್ತೀನಿ."

"ನಾಳೆ ಮುಂಜಾನೆತನಕ ಈ ಮನ್ಯಾಗ ದೇವರ ಪೂಜಾ ಆಗಬೇಕೋ ಬ್ಯಾಡೋ?"

ಬೇರೆ ಯಾರಾದರೂ ಆಗಿದ್ದರೆ ತಪ್ಪಾಯಿತು ಅನ್ನುತ್ತಿದ್ದರು, ಇಲ್ಲವೇ ಜಗಳಕ್ಕೆ ಬರುತ್ತಿದ್ದರು. ಶಾಮಲಾ ಕನ್ನಡಕ ಸರಿ ಮಾಡಿಕೊಂಡು, ನಿಜವಾಗಿಯೂ ಯೋಚನೆ ಮಾಡಿ, "ಹೇಳಲಿಕ್ಕೆ ಬರೂದಿಲ್ರಿ," ಅಂದಳು.

ಇದು ಅವಳ ಹುಟ್ಟುಗುಣ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ಅರ್ಧ ಜನ ಜಾಣರು, ಬೇಕೆಂದೇ ಹಾಗೆ ಮಾಡುತ್ತಾರೆ. ಇವಳದು ಜಾಣತನವಲ್ಲ. ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೆ ಎರಡು ಸಲ ರುಚಿ ನೋಡಿ, ಎರಡು ಸಲಕ್ಕೂ ಫರಕು ಬರುತ್ತಿದೆ ಅನ್ನುತ್ತಾಳೆ. ನನ್ನ ಮೈದುನ ಮಾರ್ತಾಂಡ ಹೆಣ್ಣು ನೋಡಲು ಹೋದಾಗ, ಹುಡುಗ ಒಪ್ಪಿಗೆಯೇ ಎಂದು ಹಿರಿಯರು ಕೇಳಿದ್ದಕ್ಕೆ, "ಇನ್ನೊಮ್ಮೆ ನೋಡಬಹುದೇನ್ರಿ?" ಅಂದವಳು ಇವಳು. ಮತ್ತೆ ಕರೆದುಕೊಂಡು ಹೋದೆವು. ಮತ್ತೊಮ್ಮೆ ಅಂದಳು. ಮೂರನೆಯ ಸಲಕ್ಕೆ ಹೂಂ ಅಂದಳು. ತನ್ನ ರಿಪೋರ್ಟ್ ಇನ್ನೂ ಪೂರ್ತಿ ಬಂದಿಲ್ಲ ಎಂದು ಮಾರ್ತಾಂಡ ಇವತ್ತಿಗೂ ಬಂದವರ ಮುಂದೆ ಹೇಳಿಕೊಂಡು ನಗುತ್ತಾನೆ.

ಕೆಲಸ ಕೂಡ ಅವಳಿಗೆ ತಕ್ಕದ್ದೇ ಸಿಕ್ಕಿತ್ತು. ಯೆರವಡಾದ ಜೈಲಿನ ಗೋಡೆ ದಾಟಿ ಮುಂದೆ ಹೋದರೆ ಅವಳ ಲ್ಯಾಬು. ಔಷಧ, ಬಣ್ಣ, ಬಾವಿಯ ನೀರು, ಯಾರು ಏನು ತಂದುಕೊಟ್ಟರೂ ಅದರೊಳಗೆ ಏನಿದೆ ಎಂದು ನೋಡಿ ಹೇಳುವುದು. ವರ್ಷಗಟ್ಟಲೆ ಅದೇ ಬಸ್ಸು, ಅದೇ ಸ್ಟೀಲಿನ ಡಬ್ಬಿ, ಅದೇ ಚಪಾತಿ ಪಲ್ಯ. ನಿವೃತ್ತಿ ಹತ್ತಿರ ಬಂತು, ಇನ್ನು ಆರಾಮಾಗಿ ಇರುತ್ತಾಳೆ ಅಂದುಕೊಂಡಿದ್ದೆವು. ಅಷ್ಟರಲ್ಲಿ ಈ ಮೀನಿನ ಕೆಲಸ ಬಂತು.

ಕಾರವಾರದಿಂದ ದಕ್ಷಿಣಕ್ಕೆ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ, ಬರೆದರೆ ನಾಳೆಯಿಂದ ಅಲ್ಲಿಯ ಮೀನನ್ನು ಯಾರೂ ಕೊಳ್ಳುವುದಿಲ್ಲ ಎಂದು ಶಾಮಲಾ ನನಗೆ ಆಣೆ ಹಾಕಿದ್ದಾಳೆ. ಆ ಹಳ್ಳಿಯ ಮುಂದಿನ ಸಮುದ್ರದಲ್ಲಿ, ದಂಡೆಯಿಂದ ಕಣ್ಣಿಗೆ ಕಾಣುವಷ್ಟೇ ದೂರದಲ್ಲಿ, ಮಹಾಯುದ್ಧ ಮುಗಿದಾಗ ಉಳಿದ ಮದ್ದುಗುಂಡು, ತೋಪಿನ ಗುಂಡುಗಳನ್ನು ಮುಳುಗಿಸಿದ್ದರಂತೆ. ಯಾರಿಗೂ ಬೇಡವಾದದ್ದನ್ನು ಸಮುದ್ರಕ್ಕೆ ಹಾಕುವುದು ಆಗಿನ ಪದ್ಧತಿ. ಈಗ ಆ ಗುಂಡುಗಳ ಕಬ್ಬಿಣ ತುಕ್ಕು ಹಿಡಿದು ತೂತಾಗಿ ಒಳಗಿನ ಸಿಡಿಮದ್ದು ಕರಗಿ ಹೊರಗೆ ಬರುತ್ತಿದೆಯೇ, ಬಂದರೆ ಮೀನಿನ ಮೈಗೆ ಸೇರುತ್ತಿದೆಯೇ ಎಂಬುದು ಪ್ರಶ್ನೆ. ಲ್ಯಾಬಿನಲ್ಲಿ ಯಾರೂ ಮುಂದೆ ಬರಲಿಲ್ಲ. ಶಾಮಲಾ ತಾನಾಗಿಯೇ ಕೈ ಎತ್ತಿದಳಂತೆ.

ಯಾಕೆ ಎತ್ತಿದಳೆಂದು ನನಗೆ ಗೊತ್ತು. ನಮ್ಮ ಮಾವನವರು ಧಾರವಾಡದಿಂದ ಇಲ್ಲಿಗೆ ಬಂದದ್ದೇ ಯುದ್ಧಕಾಲದಲ್ಲಿ, ಮದ್ದುಗುಂಡಿನ ಕಾರ್ಖಾನೆಯ ಕೆಲಸಕ್ಕೆ. ಗುಂಡಿನೊಳಗೆ ಮದ್ದು ತುಂಬುವ ಕೆಲಸ. ಅವರ ಅಂಗೈ ಹಳದಿಯಾಗಿತ್ತಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಬಣ್ಣ ಹೋಗಿತ್ತು, ಕತೆ ಉಳಿದಿತ್ತು. ಅವರ ಅಂಗಿ ಧೋತರ ಒಗೆದು ಒಗೆದು ನಮ್ಮ ಅತ್ತೆಯವರ ಕೈಯೂ ಹಳದಿಯಾಗಿತ್ತಂತೆ, ಓಣಿಯ ಹೆಂಗಸರು ದಿನವೂ ಅರಿಶಿನ ಕುಂಕುಮವೇನು ಎಂದು ಚೇಷ್ಟೆ ಮಾಡುತ್ತಿದ್ದರಂತೆ. ಅತ್ತೆಯವರಿಗೆ ಮೊದಲಿನ ಎರಡು ಕೂಸು ಉಳಿಯಲಿಲ್ಲ. ಆ ಕಾಲದಲ್ಲಿ ಯಾರ ಮನೆಯಲ್ಲಿ ಎಲ್ಲವೂ ಉಳಿಯುತ್ತಿದ್ದವು ಎಂದು ನಾನು ಯಾವಾಗಲೂ ಹೇಳಿಕೊಂಡು ಬಂದಿದ್ದೇನೆ. ಮಾವನವರಂತೂ ಮೊಮ್ಮಕ್ಕಳ ಮುಂಜಿ ನೋಡಿಯೇ ಹೋದರು. ಮತ್ತೆ ಆ ಮದ್ದು ಕೆಟ್ಟದ್ದೋ ಅಲ್ಲವೋ ಎಂದು ಶಾಮಲಾಳನ್ನು ಕೇಳಿದರೆ ಗೊತ್ತಲ್ಲ, ಹೇಳಲಿಕ್ಕೆ ಬರೂದಿಲ್ಲ.

ಮೊದಲ ಸಲ ಅವಳೇ ಆ ಹಳ್ಳಿಗೆ ಹೋಗಿದ್ದಳು. ಜೊತೆಗೆ ಬಂದಿದ್ದ ಮುಳುಗುಗಾರರು ಗುಂಡು ಬಿದ್ದಿರುವ ಜಾಗದಲ್ಲಿ ಚಿಪ್ಪಿಕಲ್ಲುಗಳನ್ನು ಪಂಜರದಲ್ಲಿ ಕಟ್ಟಿ ಇಳಿಬಿಟ್ಟರು. ಚಿಪ್ಪಿಕಲ್ಲು ಇದ್ದಲ್ಲೇ ಇದ್ದು ನೀರು ಕುಡಿಯುತ್ತದೆ, ನೀರಿನಲ್ಲಿ ಇದ್ದದ್ದು ಅದರ ಮೈಯಲ್ಲಿ ಸಿಗುತ್ತದೆ. ಅದರ ಜೊತೆಗೆ ಮೀನೂ ಬೇಕಿತ್ತು, ಅದೂ ತಳದ ಮರಳಿಗೆ ಅಂಟಿಕೊಂಡು ಬದುಕುವ ಚಪ್ಪಟೆ ಮೀನು. ಅಲ್ಲಿಯವರು ಅದನ್ನು ನಂಗು ಅನ್ನುತ್ತಾರೆ. ಪ್ರತಿಸಲ ಪುಣೆಯಿಂದ ಜನ ಕಳಿಸಲು ಲ್ಯಾಬಿನವರ ಕೈ ಬಿಗಿ. ಹಾಗಾಗಿ ಆ ಊರಿನ ಅಂಬಣ್ಣ ಎಂಬ ಮೀನುಗಾರ ಅದೇ ಜಾಗದಲ್ಲಿ ಬಲೆ ಹಾಕುವುದು, ಅವನ ತಾಯಿ ಚಂದಮ್ಮ ಬರ್ಫದಲ್ಲಿಟ್ಟು ಪುಣೆಯ ಬಸ್ಸಿಗೆ ಹಾಕುವುದು ಎಂದಾಯಿತು. ಅವತ್ತು ಚಂದಮ್ಮ ಊಟಕ್ಕೆ ಕರೆದಳಂತೆ. ಶಾಮಲಾ ಬೇಡವೆಂದು ಎಳನೀರಷ್ಟೇ ಕುಡಿದು ಬಂದಳು. ಅದರಲ್ಲಿ ಯಾರಿಗೂ ಏನೂ ವಿಶೇಷ ಕಾಣಲಿಲ್ಲ.

ಆಮೇಲೆ ಡಬ್ಬಿಗಳು ಬರತೊಡಗಿದವು. ವಾರದ ದಿನ ಬಂದರೆ ಸೀದಾ ಲ್ಯಾಬಿಗೆ, ರಜೆಯ ದಿನ ಬಂದರೆ ನಮ್ಮ ಬಾಲ್ಕನಿಗೆ. ಕೆಳಗಿನ ಮನೆಯ ಕಾಕೂ ಮೂಗಿಗೆ ಸೆರಗು ಹಿಡಿದು "ಕಸಲಾ ವಾಸ ಯೇತೋಯ್ ಹಾ?" ಎಂದು ಕೇಳಿದಳು. ಎಂಥ ನಾತ ಎಂದು ಹೇಳಲಿ? ಇಲಿ ಸತ್ತಿರಬೇಕು ಅಂದೆ. ಇಷ್ಟು ವರ್ಷ ಆಚಾರ ನಡೆಸಿಕೊಂಡು ಬಂದು ಕೊನೆಗೆ ಮೀನಿನ ಸಲುವಾಗಿ ಸುಳ್ಳು ಹೇಳುವ ಕಾಲ ಬಂತಲ್ಲ ಎಂದು ಮೈ ಉರಿಯಿತು. ಶಾಮಲಾ ಲ್ಯಾಬಿನಿಂದ ಬಂದವಳು ಸೀದಾ ಬಚ್ಚಲಿಗೆ ಹೋಗಬೇಕು, ಸ್ನಾನವಾಗದೆ ಅಡಿಗೆಮನೆಗೆ ಬರಕೂಡದು ಎಂದು ಕಾನೂನು ಮಾಡಿದೆ. ಅವಳು ಮರುಮಾತಾಡದೆ ಪಾಲಿಸಿದಳು, ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚು ಮಾಡಿತು.

ಡಬ್ಬಿಯ ಹಿಂದೆಯೇ ಚಂದಮ್ಮನ ಫೋನು ಬರುತ್ತಿತ್ತು. ಶಾಮಲಾ ಸ್ನಾನಕ್ಕೆ ಹೋಗಿದ್ದರೆ ನಾನೇ ಎತ್ತಿಕೊಳ್ಳುತ್ತಿದ್ದೆ.

"ಅಮ್ಮಾ, ಮುಟ್ತಾ? ನೋಡಾಯ್ತಾ? ತಿನ್ನೂಕೆ ಅಡ್ಡಿಲ್ವಾ?"

ಪ್ರತಿಸಲ ಅದೇ ಮೂರು ಪ್ರಶ್ನೆ. ಮೊದಮೊದಲು ನನಗೆ ಅರ್ಥವಾಗಲಿಲ್ಲ. ಅವಳ ಊರಿನ ಮೀನು, ಅವಳ ಬಾಯಿ, ನಮ್ಮನ್ನೇಕೆ ಕೇಳುತ್ತಾಳೆ? ಆಮೇಲೆ ಒಂದು ದಿನ ತಾನಾಗಿಯೇ ಹೇಳಿದಳು. ಅಂಬಣ್ಣನ ಹೆಂಡತಿ ಬಸುರಿ. ಹೋದ ವರ್ಷದ್ದು ಆರನೇ ತಿಂಗಳಲ್ಲಿ ಹೋಯಿತು. ಊರಿಗೆ ಬಂದ ಪುಣೆಯವರು ಸಮುದ್ರದ ತಳದಲ್ಲಿ ವಿಷ ಇರಬಹುದು ಎಂದು ಹೇಳಿ ಹೋದಾಗಿನಿಂದ ಚಂದಮ್ಮನಿಗೆ ಗಂಟಲಲ್ಲಿ ತುತ್ತು ಇಳಿಯುತ್ತಿಲ್ಲ. ಸೊಸೆಗೆ ಮೀನು ಕೊಡಬೇಕೋ ಬೇಡವೋ, ಇಷ್ಟೇ ಅವಳಿಗೆ ಬೇಕಾದದ್ದು.

"ಬಸುರಿಗೆ ಬೇಡ ಅಂತಿದ್ರೆ ಬೇಡ ಅನ್ನಿ. ಬೇಕು ಅಂತಿದ್ರೆ ಬೇಕು ಅನ್ನಿ. ಒಂದು ಹೇಳ್ಬಿಡಿ ಅಮ್ಮಾ," ಅಂದಳು.

ಆ ಒಂದನ್ನು ಹೇಳುವುದೇ ನಮ್ಮ ಶಾಮಲಾಗೆ ಆಗದ ಕೆಲಸ. ಅದರಲ್ಲೂ ಈ ಸಲ ಅವಳ ತಪ್ಪೂ ಇರಲಿಲ್ಲ. ಪಂಜರದ ಚಿಪ್ಪಿಕಲ್ಲು ಬಂತು, ಅದರ ಮೈಯಲ್ಲಿ ಸಿಡಿಮದ್ದು ಸಿಕ್ಕಿತು. ತಳದ ಮರಳು ಬಂತು, ಅದರಲ್ಲೂ ಸಿಕ್ಕಿತು. ಆ ಮರಳಿನ ಮೇಲೆಯೇ ಮಲಗಿ ಏಳುವ ನಂಗಿನ ಮಾಂಸದಲ್ಲಿ ಏನೂ ಇಲ್ಲ. ಪಿತ್ತದಲ್ಲಿ ನೋಡಿದಳು, ಇದ್ದರೆ ಎಲ್ಲಕ್ಕಿಂತ ಮೊದಲು ಅಲ್ಲಿಯೇ ಸಿಗಬೇಕಂತೆ. ಅಲ್ಲೂ ಇಲ್ಲ. ಯಕೃತ್ತು ಎಳೆಗೂಸಿನದರ ಹಾಗೆ ಸ್ವಚ್ಛ. ಮುಂದಿನ ಡಬ್ಬಿ ತೆರೆದಳು, ಅದರಲ್ಲೂ ಇಲ್ಲ.

"ಮಷಿನ್ ಕೆಟ್ಟಿರಬೇಕು," ಅಂದೆ.

"ಚಿಪ್ಪಿಕಲ್ಲಿಗೆ ಬರೋಬ್ಬರಿ ತೋರಸ್ತದ ವೈನಿ."

"ಹಂಗಾರ ಮೀನು ಶಾಣ್ಯಾ ಅದಾವ. ವಿಷ ಇದ್ದಲ್ಲಿ ಬಾಯಿ ಮುಚ್ಚಿಕೊಂಡಿರ್ತಾವ."

ಅವಳು ನಗಲಿಲ್ಲ. ಕೈಯಲ್ಲಿಯ ಚಪಾತಿ ಕೈಯಲ್ಲೇ ಇತ್ತು. "ನನಗ ಏನೂ ತಿಳೀವಲ್ತು," ಅಂದಳು. ಮಷಿನ್ನಿನ ಮೇಲೆ ಸಂಶಯಪಟ್ಟು ಬಿಚ್ಚಿಸಿ ತೊಳೆಸಿದಳು. ಗಾಜಿನ ಸಾಮಾನಿನ ಮೇಲೆ ಸಂಶಯಪಟ್ಟು ಹೊಸದು ತರಿಸಿದಳು. ಕೊನೆಗೆ ತನ್ನ ಮೇಲೆಯೇ ಸಂಶಯಪಟ್ಟು, ತಾನು ಅಳೆದದ್ದನ್ನೆಲ್ಲ ಬೇರೆಯವರಿಂದ ಅಳೆಸಿದಳು. ಅವರಿಗೂ ಅದೇ ಬಂತು. ಅವಳ ಮೇಲಧಿಕಾರಿ ಮನೋಜ ಮೈಸೂರಿನ ಕಡೆಯ ಹುಡುಗ, ಒಳ್ಳೆಯವನೇ. ನಮ್ಮ ಮನೆಗೆ ಚಹಾಕ್ಕೆ ಬಂದವನು ನನ್ನೆದುರಿಗೇ, "ಮೇಡಂ, ಇಷ್ಟು ಟೆನ್ಷನ್ ಯಾಕೆ? ಮೀನು ಕ್ಲೀನ್ ಇದೆ ಅಂತ ಬರೆದು ಕೊಟ್ಬಿಡಿ. ಎಲ್ಲರಿಗೂ ಖುಷಿಯಾಗುತ್ತೆ," ಅಂದ. ಎಲ್ಲರಿಗೂ ಅಂದರೆ ಚಂದಮ್ಮನಿಗೂ ಖುಷಿಯಾಗುತ್ತಿತ್ತು. ಶಾಮಲಾ ಮಾತ್ರ ಬರೆದುಕೊಡಲಿಲ್ಲ. ಕಣ್ಣೆದುರಿಗೆ ಕಂಡದ್ದನ್ನು ನಂಬದೆ, ಕಾಣದ್ದನ್ನು ಹುಡುಕುತ್ತ ಕೂತವಳನ್ನು ಏನೆನ್ನಬೇಕು? ಹುಚ್ಚಿ ಎಂದೇ ನಾನು ಅಂದೆ, ಅವಳ ಎದುರಿಗೇ.

ಒಂದು ಸಲವಂತೂ ನಾನೇ ಫೋನಿನಲ್ಲಿ ಚಂದಮ್ಮನಿಗೆ ಹೇಳಿಬಿಡುವವಳಿದ್ದೆ, ತಿನ್ನಿಸವ್ವಾ, ಏನೂ ಆಗೂದಿಲ್ಲ ಎಂದು. ಮಾತು ಬಾಯಿಯ ತನಕ ಬಂದಿತ್ತು. ಶಾಮಲಾ ಬಚ್ಚಲಿನಿಂದ ಒದ್ದೆ ಕೂದಲಲ್ಲಿ ಓಡಿ ಬಂದು ಫೋನು ಕಸಿದುಕೊಂಡು, "ಇಲ್ಲೀತನಕ ಮೀನಿನಾಗ ಏನೂ ಸಿಕ್ಕಿಲ್ರಿ, ಇನ್ನೊಂದ ಸ್ವಲ್ಪ ತಡೀರಿ," ಅಂದಳು. ಆ ಕಡೆಯಿಂದ ಚಂದಮ್ಮ ಅಂದದ್ದು ನನಗೂ ಕೇಳಿಸಿತು: "ಹೊಟ್ಟೆ ತಡೀತದಾ ಅಮ್ಮಾ? ಅದು ಬೆಳೀತಾ ಅದೆ."

ಹೀಗೆ ಅವಳೂ ಗೊಂದಲ, ಇವಳೂ ಗೊಂದಲ, ನಡುವೆ ನಾನು. ಸೊಸೆಗೆ ಎಂಟು ತುಂಬುವ ಹೊತ್ತಿಗೆ ಚಂದಮ್ಮನಿಗೆ ಫೋನಿನ ಮೇಲಿನ ವಿಶ್ವಾಸ ಹೋಯಿತು. ಒಂದು ರವಿವಾರ ನಮ್ಮ ಗಂಟೆ ಬಾರಿಸಿದ್ದು ಅವಳೇ. ಎತ್ತರದ ಹೆಂಗಸು, ತಲೆಗೆ ಅಬ್ಬಲಿಗೆ ಹೂವು, ಕಂಕುಳಲ್ಲಿ ಅದೇ ಥರ್ಮಾಕೋಲಿನ ಡಬ್ಬಿ. ಪುಣೆಯ ಬಸ್‌ಸ್ಟ್ಯಾಂಡಿನಿಂದ ರಿಕ್ಷಾದವನ ಜೊತೆ ಹಿಂದಿಯಲ್ಲಿ ಜಗಳವಾಡಿಕೊಂಡು ಬಂದಿದ್ದಳು. ಮುಖ ನೋಡಿದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕಣ್ಣು ಮುಚ್ಚಿದಂತೆ ಕಾಣಲಿಲ್ಲ.

ಒಳಗೆ ಕರೆದೆ, ಕೂಡಿಸಿದೆ, ನೀರು ಬೆಲ್ಲ ಕೊಟ್ಟೆ. ಶಾಮಲಾ ಚಹಾ ಮಾಡಲು ಹೋದಳು. ಚಂದಮ್ಮ ಡಬ್ಬಿಯನ್ನು ಎರಡೂ ಕೈಯಲ್ಲಿ ನನ್ನತ್ತ ನೀಡಿ ನಕ್ಕಳು.

"ಇದು ಪರೀಕ್ಷೆಗಲ್ಲ ಅಮ್ಮಾ, ಮನೆಗೆ. ದೊಡ್ಡ ನಂಗು. ಮಧ್ಯಾಹ್ನಕ್ಕೆ ನಾನೇ ಸಾರು ಮಾಡಿ ಹಾಕ್ತೆ. ನಿಮ್ಮಲ್ಲಿ ಕೊತ್ತುಂಬರಿ ಬೀಜ ಹುರೀತ್ರಾ, ಹಸೀದೇ ಕಡೀತ್ರಾ?"

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಯವ್ವಾ, ನಾವು ಮೀನ ತಿನ್ನೂದಿಲ್ಲ."

"ಇವತ್ತು ಸೋಮವಾರ ಅಲ್ಲಲ್ಲ?"

"ಯಾವ ವಾರನೂ ತಿನ್ನೂದಿಲ್ಲವಾ. ನಾವು ಬ್ರಾಹ್ಮಣರು."

ಚಂದಮ್ಮ ನನ್ನನ್ನು ಚೇಷ್ಟೆ ಮಾಡುತ್ತಿರುವವಳ ಹಾಗೆ ನೋಡಿದಳು. "ನಮ್ಮೂರ ಶಾನಭಾಗರೂ ಬಾಮ್ಣರೇ. ಬೆಳಗಾದ್ರೆ ಮೊದಲ ಬುಟ್ಟಿ ಅವರ ಮನೆಗೇ ಹೋಗೂದು. ಮೀನಿಲ್ದೆ ಅವರಿಗೆ ಗಂಜಿ ಇಳೂದಿಲ್ಲ. ನಮ್ಮನೇಲಿ ಈ ಅಮ್ಮ ಎಳನೀರೇ ಕುಡ್ದದ್ದು ಸೋಮವಾರ ಹೇಳಿ ಅಲ್ವಾ?"

ಕರಾವಳಿಯಲ್ಲಿ ಮೀನು ತಿನ್ನುವ ಬ್ರಾಹ್ಮಣರಿದ್ದಾರೆ ಎಂಬುದು ನನಗೆ ಕೇಳಿ ಗೊತ್ತು. ಆದರೆ ನಮ್ಮನ್ನು ಯಾರಾದರೂ ಆ ಲೆಕ್ಕಕ್ಕೆ ಸೇರಿಸಬಹುದು ಎಂದು ಹೊಳೆದಿರಲಿಲ್ಲ. ಶಾಮಲಾಗೂ ಹೊಳೆದಿರಲಿಲ್ಲ. ಹೇಳಬೇಕಾದ ಮಾತೇ ಅಲ್ಲ ಎಂದು ಅವಳು ಹೇಳಿರಲಿಲ್ಲ. ಕೇಳಬೇಕಾದ ಮಾತೇ ಅಲ್ಲ ಎಂದು ಇವಳು ಕೇಳಿರಲಿಲ್ಲ.

"ಹಂಗಾರೆ ಇಷ್ಟು ದಿನ ಕಳಿಸಿದ್ದೆಲ್ಲಾ?" ಚಂದಮ್ಮ ಕೇಳಿದಳು.

"ಅರದು ಮಷಿನ್ನಿಗೆ ಹಾಕಿದಳು."

"ಎಲ್ಲಾನೂ? ಅಯ್ಯೋ ದೇವ್ರೇ, ನಾ ಆರಿಸಿ ಆರಿಸಿ ಕಳಿಸಿದ್ನಲ್ಲ!"

ಚಹಾದ ತಾಟು ಹಿಡಿದುಕೊಂಡು ಬಂದ ಶಾಮಲಾ ಬಾಗಿಲಲ್ಲೇ ನಿಂತಳು. "ಆರಿಸಿ ಅಂದ್ರ?" ಅಂದಳು.

ಚಂದಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಅವಳ ದೃಷ್ಟಿಯಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಅಂಬಣ್ಣ ಹೇಳಿದ ಜಾಗದಲ್ಲೇ ಬಲೆ ಹಾಕುತ್ತಿದ್ದ, ಅಲ್ಲಿಯದೇ ನಂಗು ತರುತ್ತಿದ್ದ. ಆದರೆ ಆ ಮೀನು ನೋಡುವ ಹಾಗಿರುತ್ತಿರಲಿಲ್ಲ. ಬಡಕಲು, ಕೆಲವಕ್ಕೆ ಮೈಮೇಲೆ ಕಲೆ, ಕೆಲವಕ್ಕೆ ಗಂಟು. ಅಷ್ಟು ದೂರದಿಂದ ಬಂದು ತಮ್ಮ ಸೊಸೆಯ ಸಲುವಾಗಿ ತಲೆ ಕೆಡಿಸಿಕೊಳ್ಳುವ ಅಮ್ಮ, ಪರೀಕ್ಷೆಗೆ ಒಂದು ಚೂರು ತೆಗೆದುಕೊಂಡು ಉಳಿದದ್ದನ್ನು ಮನೆಯಲ್ಲಿ ಸಾರು ಮಾಡುವವಳು, ಅವಳಿಗೆ ಅಂಥದ್ದು ಕಳಿಸುವುದೇ? ಹೊರಗಿನ ಆಳ ಸಮುದ್ರದಿಂದ ಬರುವ ದೊಡ್ಡ ದೋಣಿಯವರ ಹತ್ತಿರ ಬೇಡಿ, ಕಾಡಿ, ಹೊಳೆಯುವ ನಂಗು ತಂದು ಅದನ್ನು ಬರ್ಫದಲ್ಲಿ ಇಡುತ್ತಿದ್ದಳು. ಅಂಬಣ್ಣನಿಗೂ ಹೇಳಿರಲಿಲ್ಲ. ನೆಂಟರ ಮನೆಗೆ ಕೊಳಕು ಮೀನು ಕಳಿಸಿದರೆ ತಮ್ಮ ಮರ್ಯಾದೆ ಏನಾಗಬೇಕು ಎಂದು ನನ್ನನ್ನೇ ಕೇಳಿದಳು.

"ನಂಗು ನಂಗೇ ಅಲ್ವಾ? ಸಮುದ್ರ ಒಂದೇ ಅಲ್ವಾ?" ಅಂದಳು.

ಶಾಮಲಾ ತಾಟನ್ನು ನೆಲದ ಮೇಲೆ ಇಟ್ಟಳು. ಟೀಪಾಯಿ ಎದುರಿಗೇ ಇತ್ತು, ನೆಲದ ಮೇಲೆ ಇಟ್ಟಳು. ತಿಂಗಳುಗಟ್ಟಲೆ ಅವಳು ಮಷಿನ್ನನ್ನು, ಗಾಜನ್ನು, ತನ್ನ ಕಣ್ಣನ್ನು ಅನುಮಾನಿಸಿದ್ದಳು, ಚಂದಮ್ಮನ ಒಳ್ಳೆಯತನವನ್ನು ಅನುಮಾನಿಸಿರಲಿಲ್ಲ. ನನಗೆ ನಗು ಬಂದಿತ್ತು. ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನಗು ಬಂದೇ ಬಂದಿತ್ತು.

"ಅಂಬಣ್ಣ ತಂದಿದ್ದ ಮೀನು ಎಲ್ಲಿ ಹೋತು?" ಶಾಮಲಾ ಕೇಳಿದಳು. ದನಿ ಬಹಳ ಸಣ್ಣದಾಗಿತ್ತು.

"ಎಲ್ಲಿ ಹೋಗೂದು? ಚೆಲ್ಲೂಕಾಗ್ತದಾ ಅಮ್ಮಾ? ನಾವೇ ಸಾರು ಮಾಡ್ದೆವು."

"ಯಾರ್ಯಾರು ತಿಂದ್ರಿ?"

"ಮನೆಯವ್ರೆಲ್ಲಾ. ಸೊಸೆಗೆ ನಂಗು ಅಂದ್ರೆ ಜೀವ. ಮಾಡೂದೇ ಬೇಡ ಹೇಳಿ ಇದ್ದೆ, ಫೋನ್ ಮಾಡ್ದಾಗೆಲ್ಲ ನೀವು ಏನೂ ಸಿಕ್ಕಿಲ್ಲ ಅಂದ್ರಲ್ಲ, ಅದಕ್ಕೇ..."

ಯಾರೂ ಏನೂ ವಿವರಿಸಬೇಕಾಗಲಿಲ್ಲ. ಸಿಕ್ಕಿಲ್ಲ ಎಂದು ಶಾಮಲಾ ಹೇಳಿದ್ದು ಈ ಹೊಳೆಯುವ ಮೀನಿನ ಮಾತು; ಅದನ್ನು ನಂಬಿ ಚಂದಮ್ಮ ಸೊಸೆಗೆ ಬಡಿಸಿದ್ದು ಆ ಕಲೆಯ ಮೀನು. ಚಂದಮ್ಮನ ಮುಖದಿಂದ ನಗು ಹೋಯಿತು.

"ನಾನೇ ಹಾಕ್ದೆನಾ ಅಮ್ಮಾ? ನನ್ನ ಕೈಯಾರೆ?"

ನನ್ನ ನಗು ಎಲ್ಲಿ ಹೋಯಿತೋ. ನನಗೆ ನಮ್ಮ ಅತ್ತೆಯವರು ನೆನಪಾದರು. ಕಲ್ಲಿನ ಮೇಲೆ ಗಂಡನ ಹಳದಿ ಅಂಗಿ ಒಗೆಯುತ್ತ, ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ನಿಂತ ಅತ್ತೆ, ನಾನು ಕಾಣದ ವಯಸ್ಸಿನ ಅತ್ತೆ. ಅವರೂ ಹೀಗೆ ಯಾರನ್ನಾದರೂ ಕೇಳಿದ್ದರೇ? ಅವರಿಗೆ ಕೇಳಬೇಕು ಎಂದಾದರೂ ಗೊತ್ತಿತ್ತೇ? ಆ ಕಾಲದಲ್ಲಿ ಯಾರ ಮನೆಯಲ್ಲಿ ಉಳಿಯುತ್ತಿದ್ದವು ಎಂಬ ನನ್ನ ಮಾತು ಈ ಸಲ ಬಾಯಿಗೆ ಬರಲಿಲ್ಲ. ಚಂದಮ್ಮನ ಪಕ್ಕದಲ್ಲಿ ಹೋಗಿ ಕೂತೆ. ಮಡಿಯಲ್ಲಿದ್ದೆ, ಆದರೂ ಕೂತೆ.

"ನನಗ ಗೊತ್ತಿಲ್ಲ ಚಂದಮ್ಮ," ಶಾಮಲಾ ಅಂದಳು. "ಆ ಮೀನು ನಾ ನೋಡೇ ಇಲ್ಲ. ಅದರಾಗ ಎಷ್ಟದ, ಏನದ, ಹೊಟ್ಟ್ಯಾಗಿನ ಕೂಸಿಗೆ ಮುಟ್ಟತದೋ ಇಲ್ಲೋ, ಒಂದೂ ಗೊತ್ತಿಲ್ಲ." ತಾಟನ್ನು ಎತ್ತಿ ಟೀಪಾಯಿಯ ಮೇಲಿಟ್ಟು, "ಇವತ್ತಿಂದ ಬ್ಯಾಡ," ಅಂದಳು.

ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ಚಂದಮ್ಮನಿಗೂ ನಂಬಿಕೆ ಬರಲಿಲ್ಲ.

"ನೋಡ್ದೇ ಹೇಳ್ತ್ರಾ?"

"ಹೂಂ. ನೋಡಲಾರದನ ಹೇಳತೀನಿ. ನನ್ನ ಸೊಸಿ ಆಗಿದ್ರ ನಾ ಕೊಡತಿದ್ದಿಲ್ಲ."

"ಹಂಗಾರೆ ಬಾಣಂತನಕ್ಕೆ ಎಂತಾ ಮಾಡೂದು? ಮರಿ ಮೋರಿ ಕೊಡದೆ ಹಾಲು ಬರ್ತದಾ?" ಮೋರಿ ಅಂದರೆ ಸಣ್ಣ ಶಾರ್ಕ್ ಮೀನು. ಅದರ ಮೆಣಸಿನ ಸಾರಿಲ್ಲದೆ ಅವರಲ್ಲಿ ಬಾಣಂತನವೇ ಇಲ್ಲವಂತೆ. "ಅದೂ ಅದೇ ದಂಡೆದು."

"ಹೊರಗಿನ ಮೀನು ಚಲೋ ಅದ," ಶಾಮಲಾ ಅಂದಳು. "ಅದನ್ನಂತೂ ನಾ ಬೇಕಾದಷ್ಟು ನೋಡೀನಿ. ನೀವು ನನಗ ಕಳಿಸಿದ್ದು. ಅದನ್ನ ಕೊಡ್ರಿ."

ಚಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವಳನ್ನು ನೋಡಿದಳು. ಸಿಟ್ಟಿರಲಿಲ್ಲ, ತಿಳಿಯದವಳಿಗೆ ತಿಳಿಸಿ ಹೇಳುವ ತಾಳ್ಮೆ ಇತ್ತು. "ಅದು ನೆಂಟರಿಗೆ ಕಳಿಸೂ ಮೀನು ಅಮ್ಮಾ. ನಾವು ತಿನ್ನೂ ಮೀನಲ್ಲ."

ಅಲ್ಲಿಗೆ ಶಾಮಲಾಳ ತಿಂಗಳುಗಳ ಕೆಲಸಕ್ಕೆ ಅರ್ಥ ಬಂತು ಅನ್ನಬೇಕೋ, ಇದ್ದ ಅರ್ಥವೂ ಹೋಯಿತು ಅನ್ನಬೇಕೋ, ನನಗೆ ತಿಳಿಯಲಿಲ್ಲ. ನೆಂಟರು ತಿನ್ನುವ ಮೀನಿನಲ್ಲಿ ವಿಷವಿಲ್ಲ ಎಂದು ಗೊತ್ತಾಗಿತ್ತು. ಮನೆಯವರು ತಿನ್ನುವ ಮೀನನ್ನು ಇನ್ನೂ ನೋಡಬೇಕಿತ್ತು.

ಚಂದಮ್ಮ ಸಂಜೆಯ ಬಸ್ಸಿಗೆ ಹೊರಡುವವಳಿದ್ದಳು. ಮಧ್ಯಾಹ್ನ ನಮ್ಮ ಹೆಸರುಬೇಳೆ ಪಾಯಸ, ಕಟ್ಟಿನ ಸಾರು ಉಂಡಳು, ಉಂಡಳು ಅನ್ನುವುದಕ್ಕಿಂತ ತಾಟಿನಲ್ಲಿ ಕೈಯಾಡಿಸಿದಳು. ಅವಳು ತಂದ ನಂಗನ್ನು ನಮ್ಮ ಬಿಲ್ಡಿಂಗಿನ ವಾಚ್‌ಮನ್ ಧರ್ಮಣ್ಣನಿಗೆ ಕೊಟ್ಟೆವು. ತಿನ್ನಬಹುದೇ ಎಂದು ಅವನು ಕೇಳಿದ್ದಕ್ಕೆ ಶಾಮಲಾ ತಡವರಿಸದೆ ಹೂಂ ಅಂದಳು. ಡಬ್ಬಿ ಖಾಲಿಯಾಗಿ ಬಾಲ್ಕನಿಯಲ್ಲಿ ಉಳಿಯಿತು.

ನಾನು ರಿಕ್ಷಾ ಹಿಡಿದು ಕ್ಯಾಂಪಿನ ಪೇಟೆಗೆ ಹೋದೆ. ಅಲ್ಲಿಯ ಹಳೆಯ ಅಂಗಡಿಯಲ್ಲಿ ಒಳ್ಳೆಯ ಡಿಂಕ ಸಿಗುತ್ತದೆ. ನಮ್ಮ ಕಡೆ ಅಂಟು ಅನ್ನುತ್ತೇವೆ. ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ಅಳವಿ ಎಲ್ಲ ತಂದೆ. ನನಗೆ, ಶಾಮಲಾಗೆ, ನನ್ನ ಮಗಳಿಗೆ ಹಾಲು ತರಿಸಿದ್ದು ಮೀನಲ್ಲ, ಅಂಟಿನ ಉಂಡಿ. ಶಾಮಲಾ ತುಪ್ಪದಲ್ಲಿ ಅಂಟು ಅರಳಿಸತೊಡಗಿದಳು, ನಾನು ಉತ್ತತ್ತಿ ಕುಟ್ಟಿದೆ. ಸ್ನಾನ ಮಾಡಿದ್ದಾಳೋ ಇಲ್ಲವೋ ಎಂದು ಕೇಳಲು ನೆನಪೇ ಆಗಲಿಲ್ಲ. ಚಂದಮ್ಮ ಅಡಿಗೆಮನೆಯ ಬಾಗಿಲಿಗೆ ಒರಗಿ ನೋಡುತ್ತ ನಿಂತಿದ್ದಳು. ಒಳಗೆ ಬಾ ಅಂದೆ. ಬಂದು ಕೂತು ಅವಳೂ ಬಿಸಿ ಬಿಸಿ ಉಂಡಿ ಕಟ್ಟಿದಳು. ನಮ್ಮದಕ್ಕಿಂತ ಅವಳ ಕೈಯ ಉಂಡಿಯೇ ಗಟ್ಟಿಯಾಗಿ ಕೂತಿತು.

ತುಂಬಿ ಕೊಡಲು ಅಷ್ಟು ದೊಡ್ಡ ಡಬ್ಬಿ ಮನೆಯಲ್ಲಿ ಇರಲಿಲ್ಲ. ನಾನೇ ಬಾಲ್ಕನಿಗೆ ಹೋಗಿ, ಆ ಥರ್ಮಾಕೋಲಿನ ಡಬ್ಬಿಯನ್ನು ಸಾಬೂನು ಹಚ್ಚಿ ತೊಳೆದು, ಬಾಳೆಲೆ ಹಾಸಿ ಉಂಡಿ ತುಂಬಿದೆ. ನಾತ ಪೂರ್ತಿ ಹೋಗಿರಲಿಲ್ಲ. ಹೋಗದಿದ್ದರೆ ಅವರ ಮನೆಯವರಿಗೆ ಹಿತವಾಗಿಯೇ ಇರುತ್ತದೆ ಬಿಡು ಎಂದು ಟೇಪು ಸುತ್ತಿದೆ.

ಅಂಬಣ್ಣನಿಗೆ ಮಗಳು ಹುಟ್ಟಿದಳು. ಕೂಸು ತೂಕ ಕಡಿಮೆ, ಆದರೆ ಅಳು ಜೋರಾಗಿದೆ ಅಂದರು. ತೂಕ ಯಾಕೆ ಕಡಿಮೆ ಎಂದು ಶಾಮಲಾ ಡಾಕ್ಟರರಿಗೇ ಫೋನು ಮಾಡಿ ಕೇಳಿದಳು. ಹಾಗೆ ಹೇಳಲು ಬರುವುದಿಲ್ಲ ಎಂದು ಆ ಡಾಕ್ಟರ್ ಹೇಳಿದರಂತೆ; ಇಡೀ ದಿನ ಅವಳು ಮಂಕಾಗಿದ್ದಳು. ಈಗ ಬರುವ ಡಬ್ಬಿಗಳಲ್ಲಿ ಆರಿಸದ ಮೀನೇ ಬರುತ್ತದೆ, ಕಲೆ, ಗಂಟು ಎಲ್ಲ ಸೇರಿ. ಅವುಗಳ ಪಿತ್ತದಲ್ಲಿ ಸಿಡಿಮದ್ದು ಸಿಕ್ಕಿದೆ. ಮಾಂಸದಲ್ಲಿ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಎಷ್ಟಾದರೆ ಹೆಚ್ಚು, ಎಷ್ಟಾದರೆ ಅಡ್ಡಿಯಿಲ್ಲ ಎಂದು ಅವಳಿಗೂ ಗೊತ್ತಿಲ್ಲ, ಮನೋಜನಿಗೂ ಗೊತ್ತಿಲ್ಲ. ಡಬ್ಬಿಯನ್ನು ನಾನೇ ಬಾಲ್ಕನಿಯಲ್ಲಿ ನೆರಳಿಗೆ ಎತ್ತಿಡುತ್ತೇನೆ. ಕೆಳಗಿನ ಕಾಕೂಗೆ ಮೀನು ಎಂದೇ ಹೇಳಿಬಿಟ್ಟಿದ್ದೇನೆ.

ಮೊನ್ನೆ ಶಾಮಲಾ ಬಚ್ಚಲಲ್ಲಿದ್ದಾಗ ಫೋನು ಬಂತು. ಹಿಂದೆ ಕೂಸು ಅಳುವುದು ಕೇಳುತ್ತಿತ್ತು.

"ಹಾಲು ಚಲೋ ಬಂದದೆ ಅಮ್ಮಾ," ಚಂದಮ್ಮ ಅಂದಳು. "ಉಂಡಿ ಮುಗೀತು. ನೀವು ಬೇಡ ಅಂದದ್ದು ಊರಿಗೆಲ್ಲಾ ಗೊತ್ತಾಯ್ತು. ನಮ್ಮ ಕೇರೀಲಿ ಇನ್ನೂ ಬಸುರಿಯರು ಅದಾರೆ. ದಿನಾ ಮನೆಗೆ ಬಂದು ಕೇಳ್ತ್ರು, ಮೀನು ಬಿಟ್ರೆ ನಾವು ಎಂತಾ ತಿನ್ನೂದು ಹೇಳಿ. ಎಲ್ಲರಿಗೂ ಸಾಕಾಗೂವಷ್ಟು ಉಂಡಿ ಮಾಡ್ತ್ರಾ?"

ಅವಳು ಚೇಷ್ಟೆ ಮಾಡುತ್ತಿರಲಿಲ್ಲ. ಒಂದು ಹೇಳ್ಬಿಡಿ ಅಂದಿದ್ದ ಅದೇ ದನಿಯಲ್ಲಿ ಕೇಳಿ, ಉತ್ತರಕ್ಕೆ ಕಾಯುತ್ತಿದ್ದಳು. ಜನ್ಮದಲ್ಲಿ ಯಾವ ಪ್ರಶ್ನೆಗೂ ತಡವರಿಸದ ನಾನು ಫೋನು ಹಿಡಿದುಕೊಂಡು ಬಚ್ಚಲಿನ ಬಾಗಿಲ ಕಡೆ ನೋಡಿದೆ. ಒಳಗೆ ನೀರು ಬೀಳುವ ಸಪ್ಪಳ ಇನ್ನೂ ನಿಂತಿರಲಿಲ್ಲ.

"ಹೇಳಲಿಕ್ಕೆ ಬರೂದಿಲ್ಲವಾ, ಚಂದಮ್ಮ," ಅಂದೆ.